ಒಂದನೇ ಎಣಿಕೆಗೆ ಕಾಲು ಹೊರಗಿರಬೇಕು

ಫಿಲಿಪ್ಪೀನ್ಸಿನ ಬಿದಿರು ಕುಣಿತವಾದ ಟಿನಿಕ್ಲಿಂಗ್ ಕಲಿಯಲು ಹೋದ ಮೊದಲ ವಾರದಲ್ಲೇ ನನ್ನ ಬಲಗಾಲಿನ ಹರಡು ನಾಲ್ಕು ಸಲ ಬಿದಿರುಗಳ ನಡುವೆ ಸಿಕ್ಕಿಕೊಂಡಿತು. ಜೊತೆಗೆ ಕಲಿಯುತ್ತಿದ್ದ ಹತ್ತು ವರ್ಷದ ಮಕ್ಕಳು ಒಂದೆರಡು ಸಲ ಪೆಟ್ಟು ತಿಂದು ಸರಿಹೋದರು. ನಾನು ಮಾತ್ರ ಅದೇ ಕಾಲಿನ ಅದೇ ಜಾಗಕ್ಕೆ ಮತ್ತೆ ಮತ್ತೆ ಏಟು ಮಾಡಿಕೊಳ್ಳುತ್ತಿದ್ದೆ. ಈ ಕುಣಿತದ ತಾಳ ಮೂರು ಎಣಿಕೆಯದು. ಒಂದಕ್ಕೆ ಎರಡು ಬಿದಿರು ಗಳಗಳು ಒಂದನ್ನೊಂದು ಹೊಡೆಯುತ್ತವೆ, ಎರಡಕ್ಕೂ ಮೂರಕ್ಕೂ ಅಗಲಿ ಕೆಳಗಿನ ಹಲಗೆಯ ಮೇಲೆ ಬೀಳುತ್ತವೆ. ಒಂದಕ್ಕೆ ಕುಣಿಯುವವರ ಕಾಲು ಬಿದಿರಿನ ಹೊರಗೆ ಇರಬೇಕು, ಎರಡು ಮತ್ತು ಮೂರಕ್ಕೆ ಒಳಗೆ. ಶಿವಮೊಗ್ಗದಲ್ಲಿ ಒಂಬತ್ತು ವರ್ಷ ಭರತನಾಟ್ಯ ಕಲಿತ ನನಗೆ ‘ತಕಿಟ’ ಎಂಬ ಮೂರಕ್ಷರ ಕೇಳಿದ ಕೂಡಲೇ ‘ತ’ಕಾರಕ್ಕೆ ಕಾಲು ತಾನಾಗಿಯೇ ನೆಲ ತಟ್ಟುತ್ತಿತ್ತು. ತಾಳದ ಮೊದಲ ಎಣಿಕೆಯಾದ ಸಮಕ್ಕೆ ಸರಿಯಾಗಿ ತಟ್ಟಿದರೆ ನಮ್ಮ ಗುರುಗಳು ಮೆಚ್ಚುತ್ತಿದ್ದರು. ಇಲ್ಲಿ ಆ ಸಮದಲ್ಲಿಯೇ ಬಿದಿರು ಬಾಯಿ ಮುಚ್ಚುತ್ತದೆ.

ನಾನು ವೃತ್ತಿಯಿಂದ ಚಿತ್ರಕಲಾವಿದೆ. ಮನಿಲಾದ ದಕ್ಷಿಣಕ್ಕಿರುವ ಲಾಸ್ ಬಾನ್ಯೋಸ್ ಎಂಬ ಊರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದೆ. ಪತಿಯ ಕೆಲಸದ ನಿಮಿತ್ತ ನಾವು ಅಲ್ಲಿಗೆ ಹೋಗಿ ನೆಲೆಸಿದೆವು. ಮನೆಯ ಹಿಂದಿನ ಗದ್ದೆಯ ಬದುವಿನಲ್ಲಿ ಉದ್ದ ಕಾಲಿನ, ಕಂದು ಬೆನ್ನಿನ ಒಂದು ಹಕ್ಕಿ ಕಾಲೆತ್ತಿ ಕಾಲೆತ್ತಿ ನಡೆಯುವುದನ್ನು ದಿನವೂ ನೋಡುತ್ತಿದ್ದೆ. ಅದು ನಮ್ಮ ಕಡೆಯ ಹುಂಡುಕೋಳಿಯ ಸಂಬಂಧಿಯೇ. ಅಲ್ಲಿಯವರು ಟಿಕ್ಲಿಂಗ್ ಎನ್ನುತ್ತಾರೆ. ರೈತರು ಹಾಕಿದ ಬಿದಿರಿನ ಬಲೆಗಳನ್ನು ತಪ್ಪಿಸಿಕೊಂಡು ಕೊಂಬೆಗಳ ನಡುವೆ ನುಸುಳುವ ಈ ಹಕ್ಕಿಯ ನಡೆಯೇ ಲೇಯ್ಟೆ ದ್ವೀಪದ ಕುಣಿತವಾಯಿತಂತೆ. ಸ್ಪೇನಿನವರ ಕಾಲದಲ್ಲಿ ತೋಟದ ಆಳುಗಳಿಗೆ ಬಿದಿರಿನಿಂದ ಕೊಡುತ್ತಿದ್ದ ಶಿಕ್ಷೆಯಿಂದ ಇದು ಹುಟ್ಟಿತೆಂಬ ಕಥೆಯನ್ನೂ ಪ್ರವಾಸಿಗರಿಗೆ ಹೇಳುವುದುಂಟು, ಆದರೆ ಹಕ್ಕಿಯನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಆ ಕಥೆಯ ಅಗತ್ಯ ಕಾಣಲಿಲ್ಲ. ಇಂಥ ಕುಣಿತಗಳನ್ನು ಊರೂರು ತಿರುಗಿ ಬರೆದಿಟ್ಟವರು ಫ್ರಾನ್ಸಿಸ್ಕ ರೆಯೆಸ್ ಅಕೀನೋ. 1920ರ ದಶಕದಲ್ಲಿ ಆರಂಭಿಸಿದ ಆ ಕೆಲಸಕ್ಕಾಗಿ 1962ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು, 1973ರಲ್ಲಿ ನೃತ್ಯಕ್ಕಾಗಿ ರಾಷ್ಟ್ರೀಯ ಕಲಾವಿದರೆಂಬ ಗೌರವ ದೊರೆಯಿತು. ಬಿದಿರು ಸುಮಾರು ಒಂಬತ್ತು ಅಡಿ ಉದ್ದ, ಅದರ ತುದಿಗಳ ಕೆಳಗಿನ ಹಲಗೆ ಸುಮಾರು ಮೂವತ್ತು ಅಂಗುಲ ಉದ್ದ, ಎರಡು ಅಂಗುಲ ದಪ್ಪ ಎಂಬ ಅಳತೆ ಬಂದದ್ದು ಅವರ ಬರವಣಿಗೆಯಿಂದಲೇ. ಈ ಅಳತೆಗಳು ಮುಂದೆ ನನ್ನ ಕೆಲಸಕ್ಕೆ ಬಂದವು.

ಕುಣಿತದ ಜೊತೆಗೆ ನನ್ನನ್ನು ಹಿಡಿದ ಇನ್ನೊಂದು ವಸ್ತು ಚಾಪೆ. ಅಲ್ಲಿನ ಮಾತಿನಲ್ಲಿ ಬಾನಿಗ್. ಸಮರ್ ದ್ವೀಪದ ಬಾಸೇ ಪಟ್ಟಣದಲ್ಲಿ ಟಿಕೋಗ್ ಎಂಬ ಜೇಕಿನ ಜಾತಿಯ ಹುಲ್ಲಿನಿಂದ ಹೆಣೆಯುವ ಚಾಪೆಗಳಿಗೆ ದೇಶದಲ್ಲೆಲ್ಲ ಹೆಸರಿದೆ. ಲೇಯ್ಟೆಯ ಟಾಕ್ಲೋಬಾನಿನಿಂದ ಎರಡು ಕಿಲೋಮೀಟರಿಗೂ ಉದ್ದವಾದ, 1973ರಲ್ಲಿ ಮುಗಿದ ಸಾನ್ ಹುವಾನಿಕೋ ಸೇತುವೆಯನ್ನು ದಾಟಿದರೆ ಸಮರ್ ಬರುತ್ತದೆ; ಅಲ್ಲಿಂದ ಬಾಸೇ ದೂರವೇನಲ್ಲ. ಕುಣಿತ ಒಂದು ದಡದ್ದು, ಚಾಪೆ ಇನ್ನೊಂದು ದಡದ್ದು, ನಡುವೆ ಕಿರಿದಾದ ಜಲಸಂಧಿ. ಎರಡನ್ನೂ ಒಂದೇ ಕೃತಿಯಲ್ಲಿ ತರಬೇಕೆಂಬ ಆಸೆ ಆ ಸೇತುವೆಯ ಮೇಲೆಯೇ ಹುಟ್ಟಿತು.

ಆಸೆಯನ್ನು ಕೃತಿಯಾಗಿಸಲು ಹೊರಟ ನಾನು ಮೊದಲು ಮಾಡಿದ್ದು ಶುದ್ಧ ತಪ್ಪು. ಪೇಟೆಯಲ್ಲಿ ಒಂದು ಒಳ್ಳೆಯ ಚಾಪೆ ಕೊಂಡು, ಹಲಗೆಗೆ ಅಂಟಿಸಿ, ಅದರ ಮೇಲೆ ಅಕ್ರಿಲಿಕ್ ಬಣ್ಣದಿಂದ ನರ್ತಕರ ಕಾಲುಗಳನ್ನು ಬರೆದೆ. ಟಿಕೋಗಿನ ಹೊರಮೈ ನುಣುಪು, ಅದು ಬಣ್ಣವನ್ನು ಕುಡಿಯುವುದಿಲ್ಲ. ಮಳೆಗಾಲ ಬಂದಾಗ ಕಡ್ಡಿಗಳು ಉಬ್ಬಿ, ಬಣ್ಣ ಹಪ್ಪಳದಂತೆ ಎದ್ದು, ಅಂಚಿನಲ್ಲಿ ಬೂಷ್ಟು ಹಿಡಿಯಿತು. ಎರಡನೇ ಪ್ರಯತ್ನ ಇನ್ನೂ ಅವಿವೇಕದ್ದು: ಚಾಪೆಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ಬಿದಿರಿಟ್ಟು, ಅಂಗಾಲಿಗೆ ಬಣ್ಣ ಬಳಿದುಕೊಂಡ ಇಬ್ಬರು ಯುವಕರನ್ನು ಕುಣಿಸಿದೆ. ಚಾಪೆ ಜಾರಿತು, ಒಬ್ಬ ಬಿದ್ದ, ಹೆಜ್ಜೆಗಳೆಲ್ಲ ಕಲಸಿ ಕೆಸರಿನ ಹಾಗೆ ಕಂಡವು. ಆ ಚಾಪೆಯ ಚಿತ್ರವನ್ನು ನಾನು ಬಾಸೇಯ ಹೆಣೆಯುವ ಹೆಂಗಸೊಬ್ಬರಿಗೆ ತೋರಿಸಿದಾಗ ಅವರು ಕಲೆಯ ಬಗ್ಗೆ ಏನೂ ಹೇಳಲಿಲ್ಲ. ಕಾಲು ತೊಳೆದುಕೊಂಡು ಏರುವ ಜಾಗವದು ಎಂದಷ್ಟೇ ಹೇಳಿ ಫೋನನ್ನು ಹಿಂದಕ್ಕೆ ಕೊಟ್ಟರು.

ಆ ಹೊತ್ತಿಗೆ ಫಿಲಿಪ್ಪೀನ್ಸಿನ ಸಮಕಾಲೀನ ಕಲಾವಿದರು ಇಂಥ ಸಾಮಗ್ರಿಯನ್ನು ಹೇಗೆ ನಡೆಸಿಕೊಂಡಿದ್ದಾರೆಂದು ನೋಡುವ ಬುದ್ಧಿ ಬಂತು. ಬಟಾನೆಸ್‌ನಲ್ಲಿ ಹುಟ್ಟಿದ ಪಸೀಟ ಅಬಾದ್ ಕ್ಯಾನ್ವಾಸಿಗೆ ಬಣ್ಣ ಹಚ್ಚಿ, ಒಳಗೆ ಅರಳೆಯಂಥದ್ದು ತುಂಬಿ, ಕೌದಿಯಂತೆ ಹೊಲಿದು, ಮೇಲೆ ಚಿಪ್ಪು, ಗುಂಡಿ, ಕನ್ನಡಿ ಚೂರುಗಳನ್ನು ಜೋಡಿಸುತ್ತಿದ್ದರು. ಹೊಲಿಗೆ ಅಲ್ಲಿ ಅಲಂಕಾರವಲ್ಲ, ಚಿತ್ರವನ್ನು ಹಿಡಿದು ನಿಲ್ಲಿಸುವುದೇ ಅದು. ರೊಬೆರ್ಟೊ ವಿಲಾನುಯೇವ 1989ರಲ್ಲಿ ಮನಿಲಾದ ಸಾಂಸ್ಕೃತಿಕ ಕೇಂದ್ರದ ಆವರಣದಲ್ಲಿ ಬೆಟ್ಟದ ರೂನೋ ಜೊಂಡಿನಿಂದ ಜನ ಒಳಹೊಕ್ಕು ನಡೆಯಬಹುದಾದ ಚಕ್ರವ್ಯೂಹವನ್ನೇ ಕಟ್ಟಿದ್ದರು. ನೆರೆಯ ಮಲೇಷ್ಯಾದ ಸಬಾದಲ್ಲಿ ಯೀ ಐ-ಲಾನ್ ಚಾಪೆ ಹೆಣೆಯುವವರೊಂದಿಗೇ ಕೆಲಸ ಮಾಡಿ ಅವರ ಹೆಸರುಗಳನ್ನೂ ಕೃತಿಯೊಂದಿಗೆ ನಮೂದಿಸುತ್ತಾರೆ. ಇವರ ಮುಂದೆ ನಾನು ಮಾಡಿದ್ದು ಚಾಪೆಯ ಬೆನ್ನಿನ ಮೇಲೆ ಸವಾರಿಯಷ್ಟೇ ಆಗಿತ್ತು. ಇನ್ನೊಂದು ಮಾತು: ಅಡ್ಡಡ್ಡ ಹಾಕಿದ ಬಿದಿರುಗಳ ನಡುವೆ ನಡೆಯುವ ಸಿಂಕಿಲ್ ಕುಣಿತ ನೋಡಲು ಇನ್ನೂ ಸೊಗಸು. ಆದರೆ ಅದು ಮಿಂಡನಾವೋದ ಮರನಾವ್ ಜನರದ್ದು, ಅವರ ದರಂಗನ್ ಮಹಾಕಾವ್ಯಕ್ಕೆ ಸೇರಿದ್ದು, ರಂಗದ ಮೇಲೆ ಅದನ್ನು ಬದಲಿಸಿದ ರೀತಿಯ ಬಗ್ಗೆ ಅವರಲ್ಲೇ ಅಸಮಾಧಾನವಿದೆ. ಎರಡು ಚಾಪೆ ಕೆಡಿಸಿದ ನಾನು ಅದರ ತಂಟೆಗೆ ಹೋಗಲಿಲ್ಲ.

ಮೂರನೇ ಸಲ ಬಾಸೇಗೆ ಹೋಗಿ ಹದಿನೇಳು ದಿನ ಇದ್ದೆ. ಅಲ್ಲಿ ಸಾವೊಬ್ ಎಂಬ ಗುಹೆಯಿದೆ. ಹೆಂಗಸರು ಅದರ ತಂಪಿನಲ್ಲಿ ಕುಳಿತು ಹೆಣೆಯುತ್ತಾರೆ, ಏಕೆಂದರೆ ಬಿಸಿಲಿನ ಒಣಹವೆಯಲ್ಲಿ ಟಿಕೋಗ್ ಗಡುಸಾಗಿ ಸೀಳುತ್ತದೆ, ಗುಹೆಯ ಪಸೆಯಲ್ಲಿ ಬಾಗುತ್ತದೆ. ಕಿತ್ತ ಹುಲ್ಲನ್ನು ಬಿಸಿಲಿಗೆ ಹಾಕಿ, ಬೇಕಾದಷ್ಟನ್ನು ಕುದಿಯುವ ಬಣ್ಣದ ನೀರಿನಲ್ಲಿ ಅದ್ದಿ, ಮತ್ತೆ ಒಣಗಿಸಿ, ಒಂದೊಂದು ಕಡ್ಡಿಯನ್ನೂ ಒತ್ತಿ ಚಪ್ಪಟೆ ಮಾಡಿಕೊಳ್ಳುತ್ತಾರೆ. ಮೊದಲು ಸಾದಾ ಚಾಪೆ ಹೆಣೆದು, ಆಮೇಲೆ ಅದರ ಹೆಣಿಗೆಯ ಸಂದಿನಲ್ಲಿ ಬಣ್ಣದ ಕಡ್ಡಿಗಳನ್ನು ತೂರಿಸಿ ಕಸೂತಿಯಂತೆ ಚಿತ್ತಾರ ಮೂಡಿಸುವುದು ಬಾಸೇಯ ವೈಶಿಷ್ಟ್ಯ. ನಮ್ಮ ಧಾರವಾಡದ ಕಸೂತಿಯವರು ಬಟ್ಟೆಯ ಎಳೆ ಎಣಿಸುವಂತೆ ಇವರು ಕಡ್ಡಿ ಎಣಿಸುತ್ತಾರೆ. ಅದನ್ನು ಕಂಡ ಕ್ಷಣ ನನಗೆ ದಾರಿ ಹೊಳೆಯಿತು: ಕುಣಿತದ ಚಿತ್ರ ಬರೆಯುವುದು ಬೇಡ, ಕುಣಿತದ ಎಣಿಕೆಯನ್ನೇ ಹೆಣೆಯಬಹುದು.

ಚೌಕುಳಿ ಕಾಗದದ ಮೇಲೆ ಲೆಕ್ಕ ಹಾಕಿಕೊಂಡು ಹೋದೆ. ಒಂದು ಆವರ್ತಕ್ಕೆ ಮೂರು ಕಡ್ಡಿ. ಬಿದಿರು ಮುಚ್ಚುವ ಎಣಿಕೆಗೆ ಕೆಂಪು, ತೆರೆದಿರುವ ಎರಡಕ್ಕೆ ಹುಲ್ಲಿನ ಸಹಜ ಬಣ್ಣ, ಕಾಲು ಬಿದಿರಿನ ಒಳಗೆ ಬೀಳುವಲ್ಲಿ ಕಪ್ಪು. ಚಾಪೆಯ ಉದ್ದ ಬಿದಿರಿನಷ್ಟೇ ಒಂಬತ್ತು ಅಡಿ, ಅಗಲ ಹಲಗೆಯಷ್ಟೇ ಮೂವತ್ತು ಅಂಗುಲ. ನನ್ನ ಜೊತೆ ಕೆಲಸಕ್ಕೆ ಒಪ್ಪಿದವರು ಹಿಂದೆ ಫೋನು ಮರಳಿಸಿದ್ದ ಅದೇ ಹೆಂಗಸು. ಕಾಗದವನ್ನು ಸ್ವಲ್ಪ ಹೊತ್ತು ನೋಡಿ, ಅದನ್ನು ಮಡಚಿ ಮೊಣಕಾಲಿನ ಕೆಳಗಿಟ್ಟುಕೊಂಡು, ಇದು ಬೇಡ, ಚಪ್ಪಾಳೆ ತಟ್ಟು ಎಂದರು. 2013ರ ನವೆಂಬರ್ 8ರಂದು ಬಂದ ಯೋಲಾಂಡ ಚಂಡಮಾರುತದಲ್ಲಿ ಕಡಲು ಮನೆಯೊಳಗೆ ನುಗ್ಗಿ, ಅವರ ತಾಯಿಯ ಕಾಲದ ಮಾದರಿ ಚಾಪೆಗಳೆಲ್ಲ ಕೊಚ್ಚಿಹೋಗಿದ್ದವು. ಆಮೇಲೆ ಹೆಣೆದುದೆಲ್ಲ ಕೈಯ ನೆನಪಿನಿಂದಲೇ. ನಾನು ತಟ್ಟಿದೆ. ಅವರು ವರಾಯ್ ಭಾಷೆಯಲ್ಲಿ ‘ಉಸಾ, ದುಹಾ, ತುಲೋ’ ಎಂದು ಗೊಣಗುತ್ತ, ಬೆರಳಿನಿಂದ ಕಡ್ಡಿಯೊಂದನ್ನು ಎತ್ತಿ, ಕೆಂಪನ್ನು ತೂರಿಸಿ, ಹೆಬ್ಬೆರಳಿನ ಉಗುರಿನಿಂದ ಅದನ್ನು ಹಿಂದಿನ ಸಾಲಿಗೆ ಒತ್ತಿ ಕೂರಿಸುತ್ತ ಹೋದರು. ಅವರ ಕೈ ನಿಧಾನ, ನನ್ನ ಚಪ್ಪಾಳೆಯೂ ನಿಧಾನವಾಗಬೇಕಾಯಿತು. ಒಂದು ಎಣಿಕೆಗೂ ಮುಂದಿನದಕ್ಕೂ ನಡುವೆ ಒಮ್ಮೊಮ್ಮೆ ಅರ್ಧ ನಿಮಿಷ ಕೈ ಎತ್ತಿಕೊಂಡು ಕಾಯುತ್ತಿದ್ದೆ.

ತೊಡಕು ಬಂದದ್ದು ವೇಗದಲ್ಲಿ. ಟಿನಿಕ್ಲಿಂಗ್ ನಿಧಾನವಾಗಿ ಆರಂಭವಾಗಿ ಕೊನೆಗೆ ಕಣ್ಣಿಗೆ ಕಾಲೇ ಕಾಣದಷ್ಟು ಬಿರುಸಾಗುತ್ತದೆ. ಚಾಪೆಯ ಕಡ್ಡಿಗಳಾದರೋ ಒಂದೇ ಅಗಲ, ಹಾಗಾಗಿ ಆರಂಭವೂ ಅಂತ್ಯವೂ ಒಂದೇ ಸಮನಾಗಿ ಕಾಣುತ್ತಿತ್ತು. ಆವರ್ತಕ್ಕೆ ಒಂದು ಕಡ್ಡಿ ಕಡಿಮೆ ಮಾಡೋಣವೆಂದೆ. ಹಾಗೆ ಮಾಡಿದರೆ ಮೂರು ಹೋಗಿ ಎರಡಾಗುತ್ತದೆ, ಅದು ಬೇರೆಯದೇ ಕುಣಿತ ಎಂದರು. ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವರು ಹುಲ್ಲಿನ ಕಟ್ಟುಗಳನ್ನೆಲ್ಲ ಬಿಚ್ಚಿ, ಕಡ್ಡಿಗಳನ್ನು ದಪ್ಪದಿಂದ ಸಣ್ಣಕ್ಕೆ ಆರು ಗುಂಪು ಮಾಡಿ ಗೋಡೆಗೆ ಒರಗಿಸಿದ್ದರು. ಚಾಪೆಯ ಈ ತುದಿಗೆ ದಪ್ಪನೆಯವು, ಆ ತುದಿಗೆ ದಬ್ಬಳದಂಥವು. ಮೂರರ ಲೆಕ್ಕ ಎಲ್ಲಿಯೂ ತಪ್ಪದೆ ಕೆಂಪು ಗೆರೆಗಳು ಹೋಗುತ್ತ ಹೋಗುತ್ತ ಹತ್ತಿರವಾದವು. ಆ ಉಪಾಯ ಕಲಾಶಾಲೆಯಲ್ಲಿ ಐದು ವರ್ಷ ಓದಿದ ನನಗೆ ಹೊಳೆದಿರಲಿಲ್ಲ.

ಹಣದ ಮಾತು ಬರೆಯದಿದ್ದರೆ ಈ ಅನುಭವ ಅರ್ಧವಾಗುತ್ತದೆ. ಚಾಪೆಗೆ ಇಷ್ಟೆಂದು ಕೊಡುವುದು ಪೇಟೆಯ ರೂಢಿ. ಈ ಚಾಪೆಯಲ್ಲಿ ಬಿಚ್ಚಿ ಹೆಣೆದ ಸಾಲುಗಳೇ ಹೆಚ್ಚು, ಆದ್ದರಿಂದ ದಿನಗೂಲಿಯ ಲೆಕ್ಕಕ್ಕೆ ಬದಲಾಯಿಸಿ, ಮಾರಾಟವಾದರೆ ಅರ್ಧ ಪಾಲೆಂದು ಬರೆದುಕೊಂಡೆವು. ಮನಿಲಾದ ಒಂದು ಗ್ಯಾಲರಿಯವರು ಕೃತಿಯನ್ನು ಒಪ್ಪಿದರು, ಆದರೆ ಫಲಕದಲ್ಲಿ ಒಬ್ಬರ ಹೆಸರೇ ಇರಬೇಕು, ಇನ್ನೊಬ್ಬರದನ್ನು ಕೃತಜ್ಞತೆಯ ಸಾಲಿನಲ್ಲಿ ಹಾಕೋಣ ಎಂದರು. ಮೂರು ವಾರ ಪತ್ರವ್ಯವಹಾರವಾಗಿ, ಕೊನೆಗೆ ನಾನು ಕೃತಿಯನ್ನು ಹಿಂದಕ್ಕೆ ತಂದೆ. ಪ್ರದರ್ಶನ ನಡೆದದ್ದು ಲಾಸ್ ಬಾನ್ಯೋಸ್‌ನ ಸಣ್ಣದೊಂದು ಸಭಾಂಗಣದಲ್ಲಿ, ಇಬ್ಬರ ಹೆಸರೂ ಒಂದೇ ಅಳತೆಯ ಅಕ್ಷರಗಳಲ್ಲಿ. ಚಾಪೆಯನ್ನು ನೆಲದ ಮೇಲೆ ಹಾಸಿ, ಪಕ್ಕದಲ್ಲಿ ಎರಡು ಬಿದಿರುಗಳನ್ನು ಹಲಗೆಯ ಮೇಲೆ ಮುಚ್ಚಿಟ್ಟಿದ್ದೆವು. ಯಾರೂ ಅದರ ಮೇಲೆ ಕುಣಿಯಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಬರಬೇಕೆಂಬ ಸೂಚನೆಯನ್ನು ಬಾಗಿಲಲ್ಲಿ ಅಂಟಿಸಿದ್ದು ಮಾತ್ರ ನನ್ನ ಕೆಲಸ.

ಉದ್ಘಾಟನೆಯ ದಿನ ಚಾಪೆ ಹೆಣೆದ ಆ ಹೆಂಗಸು ಬಸ್ಸು, ದೋಣಿ ಹಿಡಿದು ಮಗಳೊಂದಿಗೆ ಬಂದಿದ್ದರು. ಚಾಪೆಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಸಣ್ಣ ಕಡ್ಡಿಗಳ ಕಡೆಯ ಒಂದು ಸಾಲಿನ ಮೇಲೆ ಬೆರಳಿಟ್ಟು ನನ್ನನ್ನು ಕರೆದರು. ಅಲ್ಲಿ ಕೆಂಪಿನ ಮೇಲೆಯೇ ಕಪ್ಪು ಬಿದ್ದಿತ್ತು. ಬಿದಿರು ಮುಚ್ಚುವ ಎಣಿಕೆಯಲ್ಲಿ ಕಾಲು ಒಳಗಿತ್ತು. ಆ ದಿನ ನೀನು ಹೀಗೆಯೇ ತಟ್ಟಿದೆ, ನಾನು ಹಾಗೆಯೇ ಹೆಣೆದೆ ಎಂದು ಹೇಳಿ, ಬಿಚ್ಚಿ ಸರಿಮಾಡಲೇ ಎಂದು ಕೇಳಿದರು. ನಾನು ಬೇಡವೆಂದೆ. ಅವರ ಮಗಳು ನನ್ನ ಬಲಗಾಲಿನ ಹರಡನ್ನು ನೋಡಿ ನಕ್ಕಳು.