ಐವತ್ತು ದಾಟಿದ ಅಣು ಕ್ಷಿಪಣಿಗೆ ಹೊಸ ಬಿಡಿಭಾಗ: ರಿಪೇರಿ ನಡೆಯುವುದು ಹೀಗೆ

ಅಮೆರಿಕದ ಮಿನಿಟ್‌ಮನ್-3 ಖಂಡಾಂತರ ಕ್ಷಿಪಣಿ ಸೇವೆಗೆ ಬಂದದ್ದು 1970ರಲ್ಲಿ. ಹತ್ತು ವರ್ಷ ಬಾಳಲಿ ಎಂದು ಕಟ್ಟಿದ್ದು. ಇವತ್ತಿಗೂ ಅಂಥ 400 ಕ್ಷಿಪಣಿಗಳು ಮೊಂಟಾನಾ, ನಾರ್ತ್ ಡಕೋಟಾ, ವಯೋಮಿಂಗ್ ಸುತ್ತಮುತ್ತಲ ಹೊಲ, ಹುಲ್ಲುಗಾವಲುಗಳ ಅಡಿಯಲ್ಲಿ, ಸೈಲೊ ಎಂಬ ಕಾಂಕ್ರೀಟ್ ಬಾವಿಗಳೊಳಗೆ ಸಿಡಿತಲೆ ಹೊತ್ತು ನಿಂತಿವೆ. ಹೊರಗಿನ ಆಕಾರ ಹಳೆಯದೇ, ಒಳಗಿನ ಸಾಮಾನು ಬಹುಪಾಲು ಬದಲಾಗಿದೆ. ಇಡೀ ವ್ಯವಸ್ಥೆಯನ್ನು ಒಂದು ದಿನವೂ ನಿಲ್ಲಿಸದೆ ಇದನ್ನೆಲ್ಲ ಮಾಡಬೇಕು ಎಂಬುದೇ ಪೇಚು.

ಮೊದಲು, ಮುಪ್ಪು ಎಲ್ಲಿದೆ ನೋಡಬೇಕು

ಹಾರದೆ ನಿಂತ ಕ್ಷಿಪಣಿಗೂ ವಯಸ್ಸಾಗುತ್ತದೆ. ಅದರ ಮೂರೂ ಹಂತಗಳಲ್ಲಿ ತುಂಬಿರುವುದು ರಬ್ಬರಿನಂಥ ಘನ ಇಂಧನ. ವರ್ಷ ಕಳೆದಂತೆ ಅದು ಬಿರುಸಾಗುತ್ತದೆ, ಬಿರುಕು ಬಿಡುತ್ತದೆ, ಕವಚದ ಒಳಮೈಯಿಂದ ಎದ್ದುಬರುತ್ತದೆ. ಬಿರುಕಿದ್ದರೆ ಒಮ್ಮೆಲೇ ಹೆಚ್ಚು ಇಂಧನ ಉರಿದು, ಒತ್ತಡ ಮಿತಿಮೀರಿ ಕವಚವೇ ಒಡೆದೀತು. ಹಾಗಾಗಿ ಕೆಲವು ಮೋಟಾರುಗಳ, ಅಂದರೆ ಇಂಧನ ತುಂಬಿದ ಹಂತಗಳ, ಎಕ್ಸ್‌ರೇ ತೆಗೆಯುತ್ತಾರೆ, ಕೆಲವನ್ನು ಕತ್ತರಿಸಿ ಇಂಧನದ ತುಣುಕು ಪರೀಕ್ಷಿಸುತ್ತಾರೆ, ಕೆಲವನ್ನು ನೆಲಕ್ಕೆ ಬಿಗಿದು ಉರಿಸಿ ನೋಡುತ್ತಾರೆ. ಈ ಕೆಲಸದ ಮುಖ್ಯ ನೆಲೆ ಯೂಟಾದ ಹಿಲ್ ವಾಯುನೆಲೆ. ಇಂಥ ಪರೀಕ್ಷೆಗಳ ಆಧಾರದ ಮೇಲೆಯೇ 2000ದ ದಶಕದಲ್ಲಿ ಎಲ್ಲ ಕ್ಷಿಪಣಿಗಳ ಹಳೇ ಇಂಧನ ಹೋಗಿ ಹೊಸದು ಬಂತು.

ಆಮೇಲೆ, ಯಾವುದನ್ನು ಮುಟ್ಟಬಾರದು ಎಂದು ತೀರ್ಮಾನಿಸಬೇಕು

ದಿಕ್ಕು ಹಿಡಿಯುವ ಗೈರೊಸ್ಕೋಪ್‌ಗಳು ಸೈಲೊದಲ್ಲೂ ಹಗಲಿರುಳು ತಿರುಗುತ್ತಲೇ ಇರುತ್ತವೆ. ಹಳೇ ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್ ಬದಲಿಸಿದಾಗ ಎಂಜಿನಿಯರುಗಳು ಈ ಗೈರೊ ಭಾಗವನ್ನು ಹಾಗೇ ಉಳಿಸಿಕೊಂಡರು. ಗೊತ್ತಿರುವ ನಿಖರತೆಯನ್ನು ಕಳೆದುಕೊಳ್ಳುವುದು ಬೇಡ ಎಂಬ ಜಾಣತನ ಅದು, ನನಗಂತೂ ಸರಿ ಎನಿಸುತ್ತದೆ.

ಫ್ಲಾಪಿ ಕತೆಯೂ ಇಲ್ಲೇ ಬರುತ್ತದೆ. ಅಣ್ವಸ್ತ್ರ ಪಡೆಗಳ ಸಂದೇಶ ಜಾಲ ಇನ್ನೂ 1970ರ ದಶಕದ ಐಬಿಎಂ ಕಂಪ್ಯೂಟರ್ ಮತ್ತು ಎಂಟು ಇಂಚಿನ ಫ್ಲಾಪಿ ಡಿಸ್ಕ್ ಮೇಲೆ ನಡೆಯುತ್ತಿದೆ ಎಂದು 2016ರಲ್ಲಿ ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧಕರು ವರದಿ ಕೊಟ್ಟಾಗ ಜಗತ್ತೇ ನಕ್ಕಿತು. ಆದರೆ ಇಂಟರ್ನೆಟ್ಟಿನ ಗಂಧಗಾಳಿ ಇಲ್ಲದ ಯಂತ್ರಕ್ಕೆ ದೂರದಲ್ಲಿ ಕೂತವರು ಕನ್ನ ಹಾಕುವುದು ಸುಲಭವಲ್ಲ. ನಿಜವಾದ ತಲೆನೋವು ಬಿಡಿಭಾಗ ಸಿಗದಿರುವುದು. 2019ರಲ್ಲಿ ಫ್ಲಾಪಿ ಜಾಗಕ್ಕೆ ಹೊಸ ಡಿಜಿಟಲ್ ಸಂಗ್ರಹ ಬಂತು.

ಮೂರನೆಯದು, ಮಾಡಿದವರು ಬಿಟ್ಟುಹೋದ ವಿದ್ಯೆ

ಎಲ್ಲಕ್ಕಿಂತ ಕಷ್ಟದ ಹಂತ ಇದೇ. ಇದಕ್ಕೆ ಉದಾಹರಣೆ ಮಿನಿಟ್‌ಮನ್‌ನದಲ್ಲ, ಜಲಾಂತರ್ಗಾಮಿಗಳ ಟ್ರೈಡೆಂಟ್ ಕ್ಷಿಪಣಿಯದು. ಅದರ ಡಬ್ಲ್ಯು-76 ಸಿಡಿತಲೆಯಲ್ಲಿ ‘ಫಾಗ್‌ಬ್ಯಾಂಕ್’ ಎಂಬ ಗುಪ್ತ ವಸ್ತುವಿದೆ. ಟೆನೆಸಿಯ ಓಕ್ ರಿಜ್‌ನಲ್ಲಿ 1989ರವರೆಗೆ ತಯಾರಿಸಿ ನಿಲ್ಲಿಸಿದರು, ಘಟಕವನ್ನೂ ಮುಚ್ಚಿದರು. 2000ದ ಹೊತ್ತಿಗೆ ಮತ್ತೆ ಬೇಕಾಯಿತು. ಕಡತಗಳು ಅರೆಬರೆ, ಗೊತ್ತಿದ್ದವರು ನಿವೃತ್ತರು. ಹೊಸ ಘಟಕ ಕಟ್ಟಿ ಮಾಡಿದ ಮಾಲು ಹಳೆಯದರಂತೆ ಬರಲೇ ಇಲ್ಲ. ಕೊನೆಗೆ ಗೊತ್ತಾದದ್ದು: ಹಿಂದಿನ ಕಚ್ಚಾವಸ್ತುವಿನಲ್ಲಿ ಒಂದು ಕಲ್ಮಶವಿತ್ತು, ಆಧುನಿಕ ಶುದ್ಧೀಕರಣ ಅದನ್ನು ತೆಗೆದುಹಾಕುತ್ತಿತ್ತು. ಕೆಲಸಕ್ಕೆ ಬೇಕಾಗಿದ್ದುದೇ ಆ ಕಲ್ಮಶ! ಹಳೆಯವರಿಗೂ ಅದು ತಿಳಿದಿರಲಿಲ್ಲ, ಹಾಗಾಗಿ ಯಾರೂ ಬರೆದಿಡಲಿಲ್ಲ.

ಬಾವಿಗೆ ಇಳಿಯುವ ಸರದಿ

ಸೈಲೊದಲ್ಲಿ ನಡೆಯುವ ಕೆಲಸ ನಿಧಾನದ್ದು, ಆದರೆ ಕ್ರಮ ಸರಳ. ಸುಮಾರು ನೂರು ಟನ್ ತೂಗುವ ಬಾಗಿಲನ್ನು ಸರಿಸಿ, ಮೊದಲು ಸಿಡಿತಲೆಯನ್ನು ಬಿಚ್ಚಿ, ಕಾವಲಿನ ನಡುವೆ ಬೇರೆ ವಾಹನದಲ್ಲಿ ಕಳಿಸುತ್ತಾರೆ. ನಂತರ ದಿಕ್ಕುಗಾರ ಭಾಗ, ಕೊನೆಗೆ ರಾಕೆಟ್. ಒಂದೊಂದೇ ಕ್ಷಿಪಣಿ ಹೀಗೆ ಹೊರಬರುತ್ತದೆ. ಸೈಲೊಗಳು 450, ಕ್ಷಿಪಣಿಗಳು 400 ಇರುವುದರಿಂದ ಈ ಅದಲುಬದಲಿಗೆ ಸ್ವಲ್ಪ ಖಾಲಿ ಜಾಗ ಸಿಗುತ್ತದೆ.

ಕೊನೆಗೆ, ಹಾರಿಸಿ ನೋಡಬೇಕು

ನಿಯೋಜಿತ ಕ್ಷಿಪಣಿಗಳಲ್ಲೇ ಒಂದನ್ನು ಆರಿಸಿ, ಕ್ಯಾಲಿಫೋರ್ನಿಯಾದ ವ್ಯಾಂಡನ್‌ಬರ್ಗ್‌ಗೆ ಸಾಗಿಸಿ, ಅಣುಸಿಡಿತಲೆ ಇಲ್ಲದೆ ಹಾರಿಸುತ್ತಾರೆ. ಗುರಿ ಸುಮಾರು 6,700 ಕಿ.ಮೀ. ದೂರದ ಕ್ವಾಜಲೀನ್ ಹವಳದ್ವೀಪ. 2023ರ ನವೆಂಬರ್‌ನಲ್ಲಿ ಹಾರಿದ ಒಂದು ಕ್ಷಿಪಣಿಯಲ್ಲಿ ದೋಷ ಕಂಡು ಪೆಸಿಫಿಕ್ ಮೇಲೆಯೇ ನಾಶ ಮಾಡಿದರು. ಇಂಥದ್ದು ಸೋಲೇನಲ್ಲ, ಪರೀಕ್ಷೆ ಇರುವುದೇ ಅದಕ್ಕೆ.

ರಿಪೇರಿ ಸಾಕು, ಹೊಸದನ್ನೇ ತರೋಣ ಎಂದು ಅಮೆರಿಕ ಸೆಂಟಿನೆಲ್ ಕ್ಷಿಪಣಿಗೆ ಕೈಹಾಕಿದೆ. 2024ರ ಜುಲೈ ಹೊತ್ತಿಗೆ ಅದರ ಅಂದಾಜು ವೆಚ್ಚ ಶೇ 81ರಷ್ಟು ಏರಿ ಸುಮಾರು 14,100 ಕೋಟಿ ಡಾಲರ್ ತಲುಪಿತು. ದುಬಾರಿಯಾಗಿದ್ದು ಕ್ಷಿಪಣಿಗಿಂತ ಹೆಚ್ಚಾಗಿ ಸೈಲೊ, ನಿಯಂತ್ರಣ ಕೇಂದ್ರ, ನೆಲದೊಳಗಿನ ಕೇಬಲ್‌ಗಳು. ಹಳೇ ಸೈಲೊಗಳನ್ನೇ ಬಳಸುವ ಯೋಜನೆ ಕೈಬಿಟ್ಟು, ಬಹುತೇಕ ಹೊಸದಾಗಿಯೇ ಅಗೆಯಬೇಕೆಂದು 2025ರಲ್ಲಿ ವಾಯುಪಡೆ ಹೇಳಿತು. ಸೆಂಟಿನೆಲ್ ಸಿದ್ಧವಾಗುವವರೆಗೆ, ಪ್ರಾಯಶಃ 2050ರವರೆಗೂ, ಮಿನಿಟ್‌ಮನ್ ನಿಂತಿರಬೇಕು. ಅದರ ತಯಾರಿಕೆ ನಿಂತು ದಶಕಗಳೇ ಆಗಿವೆ. ಹಾಗಾಗಿ ವ್ಯಾಂಡನ್‌ಬರ್ಗ್‌ನಿಂದ ಹಾರುವ ಪ್ರತಿ ಪರೀಕ್ಷಾ ಕ್ಷಿಪಣಿಯೊಂದಿಗೆ ದಾಸ್ತಾನಿನಲ್ಲಿ ಒಂದು ಕಡಿಮೆಯಾಗುತ್ತದೆ, ಅದರ ಬಿಡಿಭಾಗಗಳೂ ಕಡಲು ಸೇರುತ್ತವೆ.