‘ಊದ್ರಿ’ ಅಂದಾಗ ಏನು ಮಾಡಬೇಕು?

ರಾತ್ರಿ ಹತ್ತೂವರೆ. ಗಂಗಾವತಿಯಲ್ಲಿ ಗೆಳೆಯನ ಪಾರ್ಟಿ ಮುಗಿಸಿ ಬೈಕಿನಲ್ಲಿ ಕೊಪ್ಪಳಕ್ಕೆ ಬಂದಿದ್ದೀರಿ. ಕುಡಿದದ್ದು ಎರಡೇ ಪೆಗ್. ಅಶೋಕ ಸರ್ಕಲ್ ಹತ್ತಿರ ಬ್ಯಾರಿಕೇಡ್, ಅಡ್ಡ ಬಂದ ಒಂದು ಕೈ. ‘ಗಾಡಿ ಸೈಡಿಗೆ ಹಾಕ್ರಿ. ಊದ್ರಿ.’

ಆಗ ಮುಕ್ಕಾಲು ಮಂದಿಯ ಬಾಯಿಂದ ಬರುವುದು ಒಂದೇ ಮಾತು: ‘ಸಾಹೇಬ್ರ, ಎಷ್ಟ್ ಫೈನ್ ಐತಿ ಹೇಳ್ರಿ, ಇಲ್ಲೇ ಕಟ್ಟಿ ಹೋಗ್ತೀನಿ.’

ಅದು ಆಗುವುದಿಲ್ಲ. ಹೆಲ್ಮೆಟ್ ಇಲ್ಲದಿದ್ದರೆ ದಂಡ ಕಟ್ಟಿ, ರಸೀದಿ ತಗೊಂಡು ಹೋಗಬಹುದು. ಕುಡಿದು ಗಾಡಿ ಓಡಿಸಿದ ಕೇಸನ್ನು ಹಾಗೆ ರಸ್ತೆಯಲ್ಲೇ ಮುಗಿಸಲು ಮೋಟಾರು ವಾಹನ ಕಾಯ್ದೆ ಪೊಲೀಸರಿಗೆ ಅಧಿಕಾರವನ್ನೇ ಕೊಟ್ಟಿಲ್ಲ. ಅದು ಕೋರ್ಟಿಗೇ ಹೋಗಬೇಕು. ರಸೀದಿ ಇಲ್ಲದೆ ‘ಅಡ್ಜಸ್ಟ್’ ಮಾಡುವ ಮಾತು ಯಾರ ಕಡೆಯಿಂದ ಬಂದರೂ ಅದಕ್ಕೆ ಹೆಸರು ಬೇರೆ ಇದೆ.

ಮೊದಲು ಮಷೀನು

ಸಮವಸ್ತ್ರದಲ್ಲಿರುವ ಪೊಲೀಸರು ಊದಲು ಹೇಳಬಹುದು. ಊದುವ ಮೊದಲು ಎರಡು ವಿಷಯ ನೋಡಿ. ಕೊಳವೆ ಹೊಸದಾ? ಪರದೆಯ ಮೇಲೆ ಸೊನ್ನೆ ಇದೆಯಾ? ಕೇಳುವುದರಲ್ಲಿ ತಪ್ಪೇನಿಲ್ಲ, ದನಿ ಏರಿಸದಿದ್ದರೆ ಸಾಕು.

ಮಿತಿ ಇರುವುದು 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ಇದು ಬಹಳ ಕಡಿಮೆ. ‘ಎರಡೇ ಪೆಗ್’ ಅನ್ನುವವರು ಸಲೀಸಾಗಿ ದಾಟುವ ಗೆರೆ. ಬೈಕು, ಆಟೊ, ಭತ್ತ ತುಂಬಿದ ಟ್ರ್ಯಾಕ್ಟರ್, ಟಿಪ್ಪರ್ ಎಲ್ಲಕ್ಕೂ ಅದೇ ಗೆರೆ. ಏಲಕ್ಕಿ, ಗುಟ್ಕಾ, ಪುದೀನ ಅಗಿದರೆ ಪ್ರಯೋಜನವಿಲ್ಲ. ಮಷೀನು ಬಾಯಿಯ ವಾಸನೆ ನೋಡುವುದಿಲ್ಲ, ಶ್ವಾಸಕೋಶದಿಂದ ಬರುವ ಗಾಳಿಯನ್ನು ಅಳೆಯುತ್ತದೆ.

ಆದರೆ ಒಂದು ಮಾತಿದೆ. ಆಗಷ್ಟೇ ಆಲ್ಕೋಹಾಲ್ ಇರುವ ಹೋಮಿಯೋಪಥಿ ಹನಿಯನ್ನೋ ಕೆಮ್ಮಿನ ಔಷಧವನ್ನೋ ತಗೊಂಡಿದ್ದರೆ, ಬಾಯಲ್ಲಿ ಉಳಿದದ್ದೇ ಅಂಕಿಯನ್ನು ಮೇಲೆತ್ತಬಹುದು. ಹಾಗಿದ್ದರೆ ಹೇಳಿ, ನೀರು ಮುಕ್ಕಳಿಸಿ, ಹದಿನೈದು ನಿಮಿಷ ಬಿಟ್ಟು ಇನ್ನೊಮ್ಮೆ ಊದಿಸಿ ಎಂದು ಕೇಳಿ.

‘ಊದಲ್ಲ’ ಅಂದರೆ?

ಅನ್ನಬೇಡಿ. ಕುಡಿದಿದ್ದಾರೆ ಎಂಬ ಅನುಮಾನಕ್ಕೆ ಕಾರಣವಿದ್ದರೆ, ಊದಲು ಒಪ್ಪದವರನ್ನು ವಾರಂಟ್ ಇಲ್ಲದೆ ಬಂಧಿಸಬಹುದು. ಸರಿಯಾದ ಕಾರಣ ಇಲ್ಲದೆ ಊದದೇ ಇದ್ದದ್ದನ್ನೇ ಕೋರ್ಟಿನಲ್ಲಿ ನಿಮ್ಮ ವಿರುದ್ಧ ಬಳಸಬಹುದು ಎಂದು 205ನೇ ಸೆಕ್ಷನ್ ಹೇಳುತ್ತದೆ.

ಅಂಕಿ ಸುಳ್ಳು ಅನಿಸಿದರೆ ಜಗಳಕ್ಕಿಂತ ರಕ್ತ ಪರೀಕ್ಷೆ ಕೇಳುವುದು ಒಳ್ಳೆಯದು. ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, ಇಲ್ಲದಿದ್ದರೆ ಬಿಡಬೇಕು. ಅದಕ್ಕೇ ನಿಲ್ಲಿಸಿದ ಹೊತ್ತು, ಬಂಧಿಸಿದ ಹೊತ್ತು, ಮಷೀನು ತೋರಿಸಿದ ಅಂಕಿ, ಮೂರನ್ನೂ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ವಕೀಲರು ಮೊದಲು ಕೇಳುವುದು ಇದನ್ನೇ.

ಗಾಡಿ ಮತ್ತು ಡಿಎಲ್

ಆ ರಾತ್ರಿ ನೀವಂತೂ ಗಾಡಿ ಓಡಿಸುವಂತಿಲ್ಲ. ಜೊತೆಯಲ್ಲಿ ಕುಡಿಯದ, ಡಿಎಲ್ ಇರುವ ಒಬ್ಬರಿದ್ದರೆ ಅವರ ಕೈಗೆ ಕೊಡಿ ಎಂದು ವಿನಂತಿಸಿ. ಇಲ್ಲವಾದರೆ ಅಣ್ಣನಿಗೋ ಮಾವನಿಗೋ ಫೋನ್ ಮಾಡಿ ಕರೆಸಿ. ಬೈಸಿಕೊಳ್ಳುವುದು ಹೇಗೂ ಇದ್ದದ್ದೇ, ಅಲ್ವಾ? ಗಾಡಿ ಸ್ಟೇಷನ್ನಿಗೆ ಹೋದರೆ ಅದಕ್ಕೊಂದು ಬರಹ ಕೇಳಿ ಪಡೆಯಿರಿ.

ಡಿಎಲ್ ತಗೊಂಡರೆ ಒಂದು ಚೀಟಿ ಕೊಡುತ್ತಾರೆ. ಇಲ್ಲೇ ತುಂಬಾ ಜನ ಎಡವುವುದು. ಆ ಚೀಟಿ ಇಟ್ಟುಕೊಂಡು ಮರುದಿನ ಗಾಡಿ ಹತ್ತುತ್ತಾರೆ. ಡಿಎಲ್ ವಾಪಸ್ ಬರುವವರೆಗೆ ಓಡಿಸಲು ಆ ಚೀಟಿ ಪರವಾನಗಿಯಲ್ಲ. ಡಿಎಲ್ ಆರ್‌ಟಿಒ ಕಚೇರಿಗೆ ಹೋಗುತ್ತದೆ. ಅಲ್ಲಿ ಮೊದಲ ಸಲಕ್ಕೆ ಮೂರು ತಿಂಗಳ ಅಮಾನತು, ಮತ್ತೆ ಸಿಕ್ಕಿಬಿದ್ದರೆ ರದ್ದು.

ಕೋರ್ಟಿನಲ್ಲಿ

ನೋಟಿಸಿನಲ್ಲಿರುವ ದಿನ ತಪ್ಪಿಸಬೇಡಿ. ತಪ್ಪು ಒಪ್ಪಿಕೊಳ್ಳಬಹುದು, ಇಲ್ಲ ಅಂದರೆ ವಕೀಲರನ್ನಿಟ್ಟು ವಾದಿಸಬಹುದು. 185ನೇ ಸೆಕ್ಷನ್ ಪ್ರಕಾರ ಮೊದಲ ಸಲ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು ಅಥವಾ ಎರಡೂ. ಎರಡನೇ ಸಲಕ್ಕೆ 15,000 ರೂಪಾಯಿ ಅಥವಾ 2 ವರ್ಷದವರೆಗೆ ಜೈಲು ಅಥವಾ ಎರಡೂ. ‘ಎರಡು ಸಾವಿರ ಕಟ್ಟಿದ್ರೆ ಮುಗೀತು’ ಅನ್ನುವವರು ಇನ್ನೂ ಹಳೆಯ ಲೆಕ್ಕದಲ್ಲಿದ್ದಾರೆ. ಅದು 2019ರ ಸೆಪ್ಟೆಂಬರ್ 1ಕ್ಕೇ ಬದಲಾಗಿದೆ.

ನನ್ನ ಕಣ್ಣಿಗೆ ಹತ್ತು ಸಾವಿರಕ್ಕಿಂತ ದೊಡ್ಡ ಹೊಡೆತ ಬೇರೆಯದೇ ಇದೆ. ತಪ್ಪು ಸಾಬೀತಾದರೆ ಕೋರ್ಟು ಡಿಎಲ್ಲನ್ನು ಕಡಿಮೆ ಎಂದರೆ 6 ತಿಂಗಳು ತಡೆಹಿಡಿಯಬೇಕು. ಅಂಗಡಿ ಇಟ್ಟವರು ಆರು ತಿಂಗಳು ಬಸ್ಸಿನಲ್ಲಿ ಓಡಾಡಿಯಾರು. ಸಂಡೂರಿನಲ್ಲಿ ಅದಿರು ಟಿಪ್ಪರ್ ಓಡಿಸಿ ಮನೆ ನಡೆಸುವವರು ಏನು ಮಾಡಬೇಕು? ಆ ಅವಧಿಯಲ್ಲಿ ಕದ್ದುಮುಚ್ಚಿ ಓಡಿಸಿ ಸಿಕ್ಕರೆ ಇನ್ನೊಂದು ಕೇಸು, ಮತ್ತೆ 10,000 ರೂಪಾಯಿ ಅಥವಾ 3 ತಿಂಗಳವರೆಗೆ ಜೈಲು ಅಥವಾ ಎರಡೂ.

ಯಾರಿಗಾದರೂ ಬಡಿದರೆ

ಆಗ ಇದು ಬರೀ ಟ್ರಾಫಿಕ್ ಕೇಸಲ್ಲ. ನಿರ್ಲಕ್ಷ್ಯದಿಂದ ಸಾವು ಎಂದಾದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ 5 ವರ್ಷದವರೆಗೆ ಜೈಲಿದೆ. ಸಾವಾಗಬಹುದು ಎಂದು ಗೊತ್ತಿದ್ದೂ ಓಡಿಸಿದ ಎಂದು ಕೋರ್ಟಿಗೆ ಕಂಡರೆ ಅದು ಕೊಲೆಯಲ್ಲದ ನರಹತ್ಯೆ, ಶಿಕ್ಷೆ 10 ವರ್ಷದವರೆಗೆ ಹೋಗಬಹುದು. ಮುಂಬೈನಲ್ಲಿ 2006ರಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದ 7 ಜನರನ್ನು ಬಲಿ ಪಡೆದ ಕುಡುಕ ಚಾಲಕನ ಕೇಸಿನಲ್ಲಿ ನರಹತ್ಯೆಯ ಶಿಕ್ಷೆಯನ್ನು 2012ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕುಡಿದು ಗುದ್ದಿದ ಗಾಡಿಯ ರಿಪೇರಿಗೆ ವಿಮೆ ಕಂಪನಿ ಕೈ ಎತ್ತುತ್ತದೆ, ಪಾಲಿಸಿಯಲ್ಲೇ ಹಾಗೆ ಬರೆದಿರುತ್ತದೆ.

ಬೆಳಗಿನ ಲೆಕ್ಕ

ನಮ್ಮ ಕಡೆ ಜಾಸ್ತಿ ಜನ ಲೆಕ್ಕ ತಪ್ಪುವುದು ರಾತ್ರಿಯಲ್ಲ, ಬೆಳಿಗ್ಗೆ. 100 ಮಿಲಿಲೀಟರ್ ರಕ್ತದಲ್ಲಿರುವ ಆಲ್ಕೋಹಾಲನ್ನು ದೇಹ ಗಂಟೆಗೆ ಸುಮಾರು 15 ಮಿಲಿಗ್ರಾಂನಷ್ಟು ಮಾತ್ರ ಇಳಿಸುತ್ತದೆ. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಸ್ನಾನ ಯಾವುದೂ ಅದನ್ನು ಓಡಿಸುವುದಿಲ್ಲ. ತೋರಣಗಲ್ಲಿನ ಡಾಬಾದಲ್ಲಿ ಹನ್ನೊಂದಕ್ಕೆ ಎದ್ದಾಗ 150 ಇತ್ತು ಅಂದುಕೊಳ್ಳಿ. ಬೆಳಿಗ್ಗೆ ಐದಕ್ಕೆ ಇನ್ನೂ 60 ಇರುತ್ತದೆ, ಮಿತಿಯ ಎರಡು ಪಟ್ಟು. 30ಕ್ಕೆ ಇಳಿಯುವಾಗ ಬೆಳಿಗ್ಗೆ ಏಳಾಗಿರುತ್ತದೆ. ಕೆಲವರಿಗೆ ಇನ್ನೂ ತಡ.

ಐದಕ್ಕೇ ಓನರ್ ಫೋನ್ ಮಾಡಿ ‘ಲೋಡ್ ಆಗೈತಿ, ಹೊರಡು’ ಅನ್ನುತ್ತಾನೆ. ಡ್ರೈವರ್ ಇನ್ನೂ ನಶೆಯಲ್ಲಿದ್ದಾನೆ ಎಂದು ಗೊತ್ತಿದ್ದೂ ಹಾಗೆ ಕಳಿಸಿದರೆ ಮೋಟಾರು ವಾಹನ ಕಾಯ್ದೆಯ 188ನೇ ಸೆಕ್ಷನ್ನಿನಲ್ಲಿ ಓನರಿಗೂ ಡ್ರೈವರಿನಷ್ಟೇ ಶಿಕ್ಷೆ. ಕುಡಿದ ಗೆಳೆಯನ ಕೈಗೆ ಬೈಕಿನ ಕೀ ಕೊಟ್ಟು ‘ನೀನೇ ಓಡಿಸು’ ಅಂದವರಿಗೂ ಇದೇ ಸೆಕ್ಷನ್.