ಮಳೆಗಾಲಕ್ಕೆ ದೋಣಿ ಎಂಜಿನ್ ಕಟ್ಟಿಡುವ ಬಗೆ

ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ ಕಡಲಿನಲ್ಲಿ ಹಾಳಾಗುವುದಕ್ಕಿಂತ ಕೊಟ್ಟಿಗೆಯಲ್ಲಿ ಹಾಳಾಗುವುದೇ ಹೆಚ್ಚು. ಓಡುವಷ್ಟು ಹೊತ್ತು ಅದರ ಒಳದಾರಿಗಳಲ್ಲಿ ನೀರು ಹರಿಯುತ್ತಲೇ ಇರುತ್ತದೆ, ಉಪ್ಪು ಕೂರಲು ಎಡೆಯಿಲ್ಲ. ನಿಲ್ಲಿಸಿದ ಮೇಲೆ ಬಿಸಿ ಸಿಲಿಂಡರಿನ ಸುತ್ತ ಉಳಿದ ನೀರು ಆರುತ್ತದೆ, ಉಪ್ಪು ಅಲ್ಲೇ ಗಟ್ಟಿಯಾಗುತ್ತದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆ ಉಪ್ಪಿನ ಜೊತೆ ಎಂಜಿನ್ ಎರಡು ಮೂರು ತಿಂಗಳು ಮಲಗಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಕರಾವಳಿಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ.

ನನ್ನದು ಎಂಟು ಎಚ್‌ಪಿಯ, ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಮಾದರಿ. ಗಂಗೊಳ್ಳಿ ಅಳಿವೆಯ ಒಳಗೂ ಹೊರಗೂ ಸಣ್ಣ ನಾಡದೋಣಿಗೆ ಇದು ಸಾಕು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ 10 ಎಚ್‌ಪಿವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಅನ್ವಯಿಸುವುದಿಲ್ಲ. ಆದರೂ ಆ ಎರಡು ತಿಂಗಳು ಅಳಿವೆ ಬಾಗಿಲಿನಲ್ಲಿ ಏಳುವ ತೆರೆಯನ್ನು ಸಣ್ಣ ದೋಣಿಯಲ್ಲಿ ದಾಟುವ ಸಾಹಸಕ್ಕೆ ನಾನು ಹೋಗುವುದಿಲ್ಲ. ಮೇ ಕೊನೆಗೆ ಎಂಜಿನ್ ಇಳಿಸುತ್ತೇನೆ, ನೂಲು ಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟ ಮೇಲೆ ಏರಿಸುತ್ತೇನೆ.

ಇಳಿಸಿದ ದಿನವೇ ತೊಳೆಯಬೇಕು. ಅದಕ್ಕೆ ದೊಡ್ಡ ಪ್ಲಾಸ್ಟಿಕ್ ಡ್ರಮ್ಮೊಂದನ್ನು ಅಂಗಳದಲ್ಲಿ ಇಟ್ಟಿದ್ದೇನೆ. ಮುಖ್ಯವಾದ ಸಂಗತಿ ಡ್ರಮ್ಮಿಗೆ ತುಂಬುವ ನೀರು. ಬೇಸಿಗೆಯ ಕೊನೆಗೆ ಅಳಿವೆ ದಂಡೆಯ ಬಾವಿಗಳಿಗೆ ಉಪ್ಪು ಏರಿರುತ್ತದೆ. ಆ ನೀರಿನಲ್ಲಿ ಎಂಜಿನ್ ಓಡಿಸಿ ತೊಳೆದೆ ಎಂದುಕೊಂಡರೆ ಉಪ್ಪಿನ ಮೇಲೆ ಉಪ್ಪು ಸವರಿದಂತೆ. ಹಾಗಾಗಿ ಮೊದಲು ಒಂದು ಹನಿ ನಾಲಿಗೆಗೆ ಹಾಕಿ ನೋಡುತ್ತೇನೆ. ಸಪ್ಪೆ ಅನ್ನಿಸದಿದ್ದರೆ ದೂರದಿಂದ ನೀರು ತರಿಸುತ್ತೇನೆ. ಅಷ್ಟರಲ್ಲಿ ಮೊದಲ ಮಳೆ ಬಿದ್ದಿದ್ದರೆ ಹೆಂಚಿನ ಮಾಡಿನಿಂದ ಇಳಿದ ನೀರಿಗಿಂತ ಒಳ್ಳೆಯದು ಬೇರೆ ಇಲ್ಲ. ಅದರಲ್ಲಿ ಉಪ್ಪೂ ಇಲ್ಲ, ಸುಣ್ಣವೂ ಇಲ್ಲ.

ನೀರಿನಲ್ಲಿ ತಿರುಗಿ ದೋಣಿ ತಳ್ಳುವ ಫ್ಯಾನ್ (ಪ್ರೊಪೆಲ್ಲರ್) ಬಿಚ್ಚಿ, ಎಂಜಿನ್ನನ್ನು ನ್ಯೂಟ್ರಲ್‌ನಲ್ಲಿಟ್ಟು, ಫ್ಯಾನಿನ ಮೇಲಿರುವ ಅಗಲದ ಪಟ್ಟಿ ಪೂರ್ತಿ ಮುಳುಗುವಷ್ಟು ನೀರು ತುಂಬಿ ಚಾಲೂ ಮಾಡುತ್ತೇನೆ. ನೀರಿನ ಪಂಪು ಮುಳುಗದೆ ಎಂಜಿನ್ ಹಗ್ಗ ಎಳೆಯಲೇಬಾರದು. ಪಂಪಿನೊಳಗೆ ನೀರು ತಳ್ಳುವ ರಬ್ಬರ್ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್, ಒಣಗಿದ್ದರೆ ಅರೆ ನಿಮಿಷ ತಿರುಗುವುದರೊಳಗೆ ಸುಟ್ಟುಹೋಗುತ್ತದೆ. ಎರಡು ನಿಮಿಷ ಓಡಿಸಿ ನಿಲ್ಲಿಸುವವರನ್ನು ನೋಡಿದ್ದೇನೆ. ಅದು ಅರ್ಧ ಕೆಲಸ. ಥರ್ಮೋಸ್ಟಾಟ್, ಅಂದರೆ ಬಿಸಿಗೆ ತೆರೆದು ನೀರು ಬಿಡುವ ಸಣ್ಣ ಬಾಗಿಲು, ಇರುವ ಎಂಜಿನ್ನುಗಳಲ್ಲಿ ಬಿಸಿ ಏರುವವರೆಗೆ ಅದು ಮುಚ್ಚಿಯೇ ಇರುತ್ತದೆ. ತಣ್ಣಗಿನ ಎಂಜಿನ್ನಿನ ಪಕ್ಕದ ತೂತಿನಿಂದ ನೀರು ಚಿಮ್ಮುತ್ತಿದ್ದರೂ ಸಿಲಿಂಡರ್ ಸುತ್ತಿನ ಉಪ್ಪು ಕದಲಿರುವುದಿಲ್ಲ. ಹತ್ತರಿಂದ ಹದಿನೈದು ನಿಮಿಷ ನಿಧಾನದ ವೇಗದಲ್ಲಿ ಓಡಿಸುತ್ತೇನೆ, ನಡುವೆ ಕೊಳೆತ ನೀರು ಚೆಲ್ಲಿ ಹೊಸ ನೀರು ತುಂಬುತ್ತೇನೆ.

ಥರ್ಮೋಸ್ಟಾಟ್ ತೆರೆಯುತ್ತದೋ ಇಲ್ಲವೋ ಎಂದು ತಿಳಿಯಲು ಹಳಬರೊಬ್ಬರು ಹೇಳಿಕೊಟ್ಟ ಉಪಾಯವಿದೆ. ಅದನ್ನು ಬಿಚ್ಚಿ, ಉಪ್ಪು ಸುಣ್ಣ ಕರಗಲು ವಿನೆಗರ್‌ನಲ್ಲಿ ನೆನೆಹಾಕಿ ತೊಳೆದು, ಅದರ ಬಾಯಿಯಲ್ಲಿ ಒಂದು ಹೊಲಿಗೆ ದಾರ ಸಿಕ್ಕಿಸಬೇಕು. ದಾರ ಹಿಡಿದು ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಒಲೆ ಹಚ್ಚಬೇಕು. ನೀರು ಸುಡುವಷ್ಟು ಬಿಸಿಯಾಗುತ್ತಿದ್ದಂತೆ ಬಾಯಿ ತೆರೆದು, ದಾರ ಜಾರಿ, ಅದು ತಳಕ್ಕೆ ಬೀಳಬೇಕು. ನೀರು ಕುದಿಯಲು ತೊಡಗಿದ ಮೇಲೂ ದಾರಕ್ಕೇ ನೇತಾಡುತ್ತಿದ್ದರೆ ಹೊಸದು ತರಬೇಕು. ಬೀಳುವ ಆ ಸದ್ದು ಕೇಳಿದಾಗ ನನಗೆ ಇಂದಿಗೂ ಸಂತೋಷವಾಗುತ್ತದೆ.

ಡ್ರಮ್ಮಿನಲ್ಲಿ ಓಡುವುದು ಪೆಟ್ರೋಲಿನಲ್ಲೇ ಇರಲಿ. ಸೀಮೆಎಣ್ಣೆ ಕಾರ್ಬೊರೇಟರಿನಲ್ಲಿ ಉಳಿದರೆ ಮುಂದೆ ತಣ್ಣಗಿನ ಎಂಜಿನ್ ಹಚ್ಚಿಕೊಳ್ಳುವುದಿಲ್ಲ. ದಿನವೂ ದಡಕ್ಕೆ ಬರುವ ಮೊದಲು ಕೆಲವು ನಿಮಿಷ ಪೆಟ್ರೋಲಿಗೆ ತಿರುಗಿಸುವುದು ಇದಕ್ಕಾಗಿಯೇ. ತೊಳೆದು ಮುಗಿದ ಮೇಲೆ ಪೆಟ್ರೋಲಿನ ನಲ್ಲಿ ಮುಚ್ಚಿ, ತಾನಾಗಿ ನಿಲ್ಲುವವರೆಗೆ ಓಡಲು ಬಿಡುತ್ತೇನೆ. ಅಷ್ಟಾದರೂ ಕಾರ್ಬೊರೇಟರಿನ ತಳದ ಬಟ್ಟಲಿನಲ್ಲಿ ಸ್ವಲ್ಪ ಉಳಿದಿರುತ್ತದೆ, ಅಡಿಯ ಸ್ಕ್ರೂ ಸಡಿಲಿಸಿ ಅದನ್ನೂ ಇಳಿಸಬೇಕು. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹೀರಿ ಹೀರಿ ಒಂದು ಹಂತದಲ್ಲಿ ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ಕೊಳವೆ ಹೀರುವುದೂ ತಳದಿಂದಲೇ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಮ್ಮ ಉಡುಪಿ ಜಿಲ್ಲೆಯಲ್ಲಿ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ಮಳೆಗಾಲ ಕಳೆಯುವುದು ಸಲ್ಲದು. ಆಯಿಲ್ ಬೆರೆಸಿದ ಪೆಟ್ರೋಲ್ ಉಳಿದಿದ್ದರೆ ಟೂ ಸ್ಟ್ರೋಕ್ ಕಳೆ ಕೊಚ್ಚುವ ಯಂತ್ರ ಇರುವ ನೆಂಟರಿಗೆ ಕೊಟ್ಟುಬಿಡುತ್ತೇನೆ. ಅವರಿಗೆ ತೋಟದ ಕೆಲಸಕ್ಕಾಗುತ್ತದೆ, ಬೆರೆಸಿದ ಪ್ರಮಾಣವನ್ನು ಹೇಳಿ ಕೊಟ್ಟರಾಯಿತು.

ಇನ್ನು ಗೇರ್‌ಕೇಸ್, ಅಂದರೆ ಫ್ಯಾನ್ ತಿರುಗಿಸುವ ಗೇರುಗಳಿರುವ ತಳದ ಪೆಟ್ಟಿಗೆ. ಎಂಜಿನ್ನಿನಲ್ಲಿ ನನಗೆ ಅತಿ ಹೆಚ್ಚು ಕಾಳಜಿಯಿರುವ ಭಾಗ ಇದು, ಏಕೆಂದರೆ ಇಲ್ಲಿನ ಕೇಡು ಹೊರಗೆ ಕಾಣುವುದೇ ಇಲ್ಲ. ಫ್ಯಾನ್ ಬಿಚ್ಚಿದಾಗ ಶಾಫ್ಟಿನ ಬುಡಕ್ಕೆ ಬೆರಳು ಹಾಕಿ ನೋಡಿ. ಕಡಲಿನಲ್ಲಿ ತೇಲುವ ಹರಿದ ಬಲೆಯ ತಂಗೂಸಿ ದಾರ ಅಲ್ಲಿ ಸುತ್ತಿಕೊಂಡಿರುತ್ತದೆ. ಬಿಗಿಯಾಗುತ್ತಾ ಬಿಗಿಯಾಗುತ್ತಾ ಆಯಿಲ್ ಸೀಲನ್ನೇ ಕೊಯ್ಯುತ್ತದೆ, ಆ ಸಂದಿಯಿಂದ ಉಪ್ಪುನೀರು ಒಳಗೆ ಹೋಗುತ್ತದೆ. ಎಂಜಿನ್ನನ್ನು ನೆಟ್ಟಗೆ ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಅಡಿಯ ಸ್ಕ್ರೂವನ್ನು ನಿಧಾನವಾಗಿ ಸಡಿಲಿಸುತ್ತೇನೆ. ನೀರು ಆಯಿಲ್‌ಗಿಂತ ಭಾರ, ಹೊಕ್ಕಿದ್ದರೆ ಮೊದಲ ಹನಿಗಳಲ್ಲೇ ಕಾಣಿಸಿಕೊಳ್ಳುತ್ತದೆ. ಆಯಿಲ್ ಹಾಲಿನಂತೆ ಬಿಳಿಚಿಕೊಂಡಿದ್ದರೆ ಸೀಲ್ ಹೋಗಿದೆ ಎಂದೇ ಅರ್ಥ. ಮಳೆಗಾಲ ಮುಗಿಯುವ ತನಕ ಕಾಯದೆ ಆಗಲೇ ಬದಲಿಸಬೇಕು. ಬಿಳಿ ಆಯಿಲನ್ನು ಒಳಗೇ ಬಿಟ್ಟರೆ ಬೇರಿಂಗ್‌ಗಳ ಮೇಲೆ ತುಕ್ಕು ಹತ್ತುತ್ತದೆ.

ಹೊಸ ಗೇರ್ ಆಯಿಲನ್ನು ಅಡಿಯ ತೂತಿನಿಂದಲೇ ತುಂಬಬೇಕು, ಮೇಲಿನ ತೂತಿನಲ್ಲಿ ಉಕ್ಕುವವರೆಗೆ. ಮೇಲಿನಿಂದ ಸುರಿದರೆ ಗಾಳಿ ಸಿಕ್ಕಿಕೊಂಡು ಅರ್ಧವೇ ತುಂಬಿರುತ್ತದೆ. ಉಕ್ಕಿದ ಮೇಲೆ ಮೊದಲು ಮೇಲಿನ ಸ್ಕ್ರೂ, ಆಮೇಲೆ ಅಡಿಯದು. ಎರಡಕ್ಕೂ ಹೊಸ ವಾಷರ್ ಹಾಕಿ. ಕೆಲವು ರೂಪಾಯಿಯ ವಾಷರ್ ಉಳಿಸಲು ಹೋಗಿ ಗೇರನ್ನೇ ಕಳೆದುಕೊಂಡವರಿದ್ದಾರೆ.

ಪ್ಲಗ್‌ಗಳನ್ನು ಬಿಚ್ಚಿ, ಒಂದೊಂದು ತೂತಿಗೂ ಒಂದು ಚಮಚ ಟೂ ಸ್ಟ್ರೋಕ್ ಆಯಿಲ್ ಬಿಟ್ಟು, ಪ್ಲಗ್ ವಯರುಗಳನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು, ಹಗ್ಗವನ್ನು ಮೆಲ್ಲಗೆ ನಾಲ್ಕಾರು ಸಲ ಎಳೆಯುತ್ತೇನೆ. ಒಳಗೋಡೆಗೆ ಆಯಿಲ್ ಹರಡುತ್ತದೆ. ಹೊರಮೈಯನ್ನು ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಮುಚ್ಚಳ ತೆಗೆದು ಪೈಪಿನಿಂದ ನೀರು ಹೊಡೆಯುವುದು ತಪ್ಪು, ವಯರುಗಳ ಸಂದಿಗೂ ಕಾರ್ಬೊರೇಟರಿನ ಬಾಯಿಗೂ ನೀರು ನುಗ್ಗುತ್ತದೆ. ಗೇರ್‌ಕೇಸಿನ ಬಳಿಯ ಸತುವಿನ ತುಂಡನ್ನು ನೋಡಿ: ಅಲ್ಯೂಮಿನಿಯಂ ಮೈಯ ಬದಲು ತಾನು ಸವೆಯುವುದೇ ಅದರ ಕೆಲಸ. ಅರ್ಧ ಸವೆದಿದ್ದರೆ ಬದಲಿಸಿ, ಅದಕ್ಕೆ ಬಣ್ಣ ಮಾತ್ರ ಬಳಿಯಬೇಡಿ. ಅಲ್ಯೂಮಿನಿಯಂ ಮೈಗೆ ಸ್ಟೀಲ್ ಬೋಲ್ಟು, ನಡುವೆ ಉಪ್ಪುನೀರು. ಇವು ಸೇರಿದರೆ ಬೋಲ್ಟು ಅಂಟಿಹೋಗಿ, ತಿರುಗಿಸಿದರೆ ಮುರಿಯುತ್ತದೆ. ಆದ್ದರಿಂದ ಕೈಗೆಟಕುವ ಬೋಲ್ಟುಗಳನ್ನು ಪ್ರತಿವರ್ಷ ಬಿಚ್ಚಿ, ಗ್ರೀಸ್ ಹಚ್ಚಿ ಮತ್ತೆ ಹಾಕುತ್ತೇನೆ. ಬೇಸರದ ಕೆಲಸ, ಆದರೆ ಇದೊಂದರಿಂದಲೇ ನನ್ನ ಎಂಜಿನ್ ಇನ್ನೂ ರಿಪೇರಿಗೆ ಒಗ್ಗುತ್ತದೆ.

ಕಟ್ಟಿಡುವಾಗ ನೆಟ್ಟಗೇ ನಿಲ್ಲಿಸಬೇಕು. ಒಳಗಿನ ನೀರೆಲ್ಲ ಇಳಿಯಲು ಅದೇ ದಾರಿ. ಪ್ಲಾಸ್ಟಿಕ್ ಹೊದಿಸಿ ಬಿಗಿದರೆ ಒಳಗೆ ಬೆವರುತ್ತದೆ, ಹಳೆಯ ಹತ್ತಿ ಹೊದಿಕೆ ಮೇಲು. ಪಕ್ಕದ ನೀರಿನ ತೂತಿಗೆ ಸಣ್ಣ ಬಟ್ಟೆಯ ತುಂಡು ಸಿಕ್ಕಿಸುತ್ತೇನೆ, ಇಲ್ಲದಿದ್ದರೆ ಕುಂಬಾರ ಹುಳ ಅಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ.

ಆಗಸ್ಟ್‌ನಲ್ಲಿ ಬಿಚ್ಚಿದಾಗ ಮೊದಲು ತೆಗೆಯುವುದು ಆ ಬಟ್ಟೆಯನ್ನು. ನಂತರ ಇಂಪೆಲ್ಲರ್. ತಿಂಗಳುಗಟ್ಟಲೆ ಒಂದೇ ಭಂಗಿಯಲ್ಲಿ ಮಡಚಿದ್ದ ರಬ್ಬರ್ ರೆಕ್ಕೆಗಳು ಹೊರತೆಗೆದಾಗ ನೆಟ್ಟಗಾಗದೆ ಬಾಗಿಯೇ ಉಳಿದರೆ, ತುದಿಯಲ್ಲಿ ಬಿರುಕಿದ್ದರೆ, ಹೊಸದನ್ನು ಹಾಕುತ್ತೇನೆ. ಕೂರಿಸುವಾಗ ರೆಕ್ಕೆಗಳು ಎಂಜಿನ್ ತಿರುಗುವ ದಿಕ್ಕಿಗೆ ಹೊಂದಿಕೊಂಡು ಬಾಗಿರಬೇಕು. ಪೆಟ್ರೋಲ್ ಪೈಪನ್ನು ಬೆರಳಲ್ಲಿ ಬಾಗಿಸಿ ಬಿರುಕು ನೋಡಬೇಕು, ಕೈಪಂಪಿನ ರಬ್ಬರ್ ಗುಂಡನ್ನು ಒತ್ತಿ ಅದು ಗಟ್ಟಿಯಾಗಿ ನಿಲ್ಲುತ್ತದೋ ನೋಡಬೇಕು. ಹೊಸ ಪ್ಲಗ್, ಹೊಸ ಪೆಟ್ರೋಲ್. ಮೊದಲ ಕೆಲವು ನಿಮಿಷ ಒಳಗಿನ ಆಯಿಲ್ ಸುಟ್ಟು ದಟ್ಟ ಹೊಗೆ ಬರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ.

ಈ ಮೊದಲ ಓಟವೂ ಡ್ರಮ್ಮಿನಲ್ಲೇ ಆಗಲಿ. ಪಕ್ಕದ ತೂತಿನಿಂದ ನೀರು ಒಂದೇ ಸಮನೆ ಚಿಮ್ಮುತ್ತಿದೆಯೇ, ಬಿಸಿಯಾದ ಮೇಲೂ ನಿಧಾನದ ವೇಗದಲ್ಲಿ ನಿಲ್ಲದೆ ಓಡುತ್ತದೆಯೇ, ಸೀಮೆಎಣ್ಣೆಗೆ ತಿರುಗಿಸಿದಾಗ ಮುಗ್ಗರಿಸುತ್ತದೆಯೇ ಎಂದು ಅಲ್ಲಿಯೇ ನೋಡಿಕೊಳ್ಳುತ್ತೇನೆ. ಆಗಸ್ಟ್‌ನಲ್ಲಿ ಪಂಚಗಂಗಾವಳಿಯ ಐದು ನದಿಗಳ ನೆರೆನೀರು ಅಳಿವೆಯಲ್ಲಿ ಕಡಲಿಗೆ ಎದುರಾಗುತ್ತದೆ. ಆ ಬಾಗಿಲಿನಲ್ಲಿ ಎಂಜಿನ್ ನಿಂತರೆ ದೋಣಿ ತೆರೆಗೆ ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದ ದೋಣಿ ಮಗುಚಲು ಒಂದೇ ತೆರೆ ಸಾಕು. ಡ್ರಮ್ಮಿನಲ್ಲಿ ಪಾಸಾದ ಮೇಲೂ ಮೊದಲ ವಾರ ಹೊಳೆಯ ಒಳಗೇ ಓಡಿಸುತ್ತೇನೆ. ಹುಟ್ಟು ಎರಡೂ ದೋಣಿಯಲ್ಲಿರುತ್ತವೆ. ಜೊತೆಗೆ ಒಂದು ಡಬ್ಬಿಯಲ್ಲಿ ಎರಡು ಪ್ಲಗ್, ಪ್ಲಗ್ ಸ್ಪ್ಯಾನರ್, ಫ್ಯಾನಿನ ಪಿನ್ನುಗಳು ಮತ್ತು ಚಾಲೂ ಮಾಡುವ ಹಗ್ಗದ ಒಂದು ತುಂಡು.